ಕಾಶವ್ವನ ತೋಳಿನ ದಾರ

ಸಂಕ್ರಾಂತಿ ಕಳೆದು ವಾರವಾಗಿತ್ತು. ಹಾವೇರಿ ಕಡೆಯ ಆ ಊರಿನಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಜೋರಾಗಿ ನಡೆದಿತ್ತು.

ಕೆಂಪು ರಾಶಿಯ ಸುತ್ತ ಹದಿನೈದು ಹೆಂಗಸರು... ಸೀನು, ಕೆಮ್ಮು, ನಗು.

ತುದಿಗೆ ಒಬ್ಬಳೇ ಕೂತವಳು ಎಪ್ಪತ್ತೆರಡು ವರ್ಷದ ಕಾಶವ್ವ. ಮಕ್ಕಳಿಲ್ಲ. ಗಂಡ ಹೋಗಿ ಹನ್ನೊಂದು ವರ್ಷ.

ಅಂದು ಆರೋಗ್ಯ ಕೇಂದ್ರದ ನರ್ಸ್ ಅಲ್ಲಿಗೇ ಬಂದರು. ಅರವತ್ತು ದಾಟಿದ ಹೆಂಗಸರ ಅಳತೆ ತೆಗೆಯಬೇಕಿತ್ತು. ನೋಡಿದರೆ ಅವರ ಟೇಪಿನ ಅಂಕಿಗಳೇ ಅಳಿಸಿಹೋಗಿದ್ದವು.

"ಟೇಲರ್ ರೇಣವ್ವನ್ನ ಕರೀರಿ," ಎಂದರು ಯಾರೋ. ಎದುರು ಮನೆಯಲ್ಲಿ ಮಷೀನ್ ತುಳಿಯುತ್ತಿದ್ದ ರೇಣವ್ವ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದಳು.

ನರ್ಸ್ ಅಳೆಯಲು ಹೇಳಿದ್ದು ಕಾಲಿನ ಮೀನಖಂಡವನ್ನು.

"ಏನ್ರೀ ಸಿಸ್ಟರ್, ಈ ವಯಸ್ಸಿನ್ಯಾಗ ನಮಗ ಪ್ಯಾಂಟ್ ಹೊಲಸ್ತೀರೇನು?" ಎಂದಳು ಕಾಶವ್ವ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಒಬ್ಬಳದು ಮೂವತ್ತಮೂರು ಸೆಂಟಿಮೀಟರ್, ಇನ್ನೊಬ್ಬಳದು ಮೂವತ್ತೈದು... ಕಾಶವ್ವನದು ಇಪ್ಪತ್ತಾರು.

ರೇಣವ್ವ ಮತ್ತೊಮ್ಮೆ ಸುತ್ತಿ ನೋಡಿದಳು. ಇಪ್ಪತ್ತಾರೇ.

"ಮೂವತ್ತೊಂದಕ್ಕಿಂತ ಕಡಿಮಿ ಬಂದ್ರ ಮೈಯಾಗಿನ ಕಸುವು ಕರಗಾಕತ್ತೈತೇನು ಅಂತ ನೋಡಬೇಕು," ಎಂದರು ನರ್ಸ್. "ಇಂಥವರು ಒಮ್ಮೆ ಬಿದ್ರ ಏಳೋದು ಕಷ್ಟ. ಯವ್ವಾ, ಹೊತ್ತಿಗೆ ಸರಿಯಾಗಿ ಉಣ್ತೀಯೋ ಇಲ್ಲೋ?"

"ಉಣ್ತೀನಿ ಬಿಡವ್ವಾ..." ಕಾಶವ್ವ ಸೀರೆ ಇಳಿಬಿಟ್ಟು ಮತ್ತೆ ತೊಟ್ಟು ಮುರಿಯತೊಡಗಿದಳು.

ರೇಣವ್ವ ಮನೆಗೆ ಬಂದಳು. ಕೆಲಸಕ್ಕೆ ಕೈ ಹೋಗಲಿಲ್ಲ.

ಗೋಡೆಯ ಮೊಳೆಗೆ ದಾರಗಳ ಗೊಂಚಲೊಂದು ತೂಗುತ್ತಿತ್ತು. ಊರಿನ ಮುದುಕಿಯರು ತೊಡುವುದು ಎದೆಯ ಮೇಲೆ ಗಂಟು ಹಾಕುವ ಖಣದ ಕುಪ್ಪಸ. ಅದಕ್ಕೆ ಟೇಪು ಬೇಡ. ಒಬ್ಬೊಬ್ಬರಿಗೆ ಒಂದೊಂದು ದಾರ, ತೋಳಿನ ಸುತ್ತಳತೆಗೆ ಅದರಲ್ಲೊಂದು ಗಂಟು.

ಒಮ್ಮೆ ಅಳತೆ ತೆಗೆದರೆ ಮುಗಿಯಿತು. "ಮುದುಕ್ಯಾರೇನು ಇನ್ನ ಬೆಳೀತಾರ?" ಎನ್ನುತ್ತಿದ್ದಳು ರೇಣವ್ವ.

ಬೆಳೆಯುವುದಿಲ್ಲ, ನಿಜ. ಕರಗುತ್ತಾರೆ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ...

ಸಂಜೆ ಗೊಂಚಲಿನಿಂದ ಕಾಶವ್ವನ ದಾರ ಬಿಡಿಸಿಕೊಂಡು ಅವಳ ಮನೆಗೆ ಹೋದಳು. ಒಲೆ ತಣ್ಣಗಿತ್ತು. ಒಂದು ತಾಟು, ಒಂದು ಲೋಟ, ಬುಟ್ಟಿಯಲ್ಲಿ ಮೊನ್ನೆಯ ಒಣಗಿ ಗಟ್ಟಿಯಾದ ಕಟಿ ರೊಟ್ಟಿ.

ಮುದುಕಿಯ ತೋಳಿಗೆ ದಾರ ಸುತ್ತಿದಳು. ಸುತ್ತು ಮುಗಿದರೂ ಗಂಟು ಇನ್ನೂ ಮೂರು ಬೆರಳು ಆಚೆ ಇತ್ತು.

"ಕುಪ್ಪಸ ಇಷ್ಟ್ ಸಡ್ಲ ಆಗೇತಿ... ಒಮ್ಮೆರ ಹೇಳಬಾರದಾ ಯವ್ವಾ?"

"ಬಿಗಿ ಆದ್ರ ಹೇಳಬಹುದು ರೇಣಿ. ಸಡ್ಲ ಆದ್ರ ಯಾರ ಮುಂದ ಹೇಳ್ಲಿ? ಎದಿ ಮ್ಯಾಲಿನ ಗಂಟು ಇನ್ನೊಂದೀಟು ಎಳದು ಕಟಗೊಂಡ್ನಿ... ಒಬ್ಬಾಕಿ ಸಲುವಾಗಿ ಒಲಿ ಹಚ್ಚಾಕ ಬ್ಯಾಸರ ನೋಡು. ಒಂದು ರೊಟ್ಟಿ ನೀರಾಗ ನೆನಸಿದ್ರ ದಿನಾ ಕಳೀತೈತಿ."

ರೇಣವ್ವನಿಗೆ ಇಪ್ಪತ್ತು ವರ್ಷದ ಹಿಂದಿನದು ನೆನಪಾಯಿತು. ಮಷೀನ್ ಇಟ್ಟಾಗ ನಂಬಿ ಮೊದಲ ಖಣ ಕೊಟ್ಟವಳು ಇದೇ ಕಾಶವ್ವ. ರೇಣವ್ವ ಒಂದು ತೋಳನ್ನು ಉಲ್ಟಾ ಹೊಲಿದಿದ್ದಳು. ಕಾಶವ್ವ ಅದನ್ನೇ ತೊಟ್ಟು ಊರೆಲ್ಲ ತಿರುಗಿದ್ದಳು.

"ಇದರ ಬದಲಿ ಚಲೋದೊಂದು ಹೊಲಿದು ಕೊಡ್ತೀನಿ," ಎಂದಿದ್ದ ಮಾತು ಹಾಗೇ ಉಳಿದಿತ್ತು. ಹಾದಿಯಲ್ಲಿ ಸಿಕ್ಕಾಗಲೆಲ್ಲ ಕಾಶವ್ವ ಕೆಣಕುತ್ತಿದ್ದಳು: "ನಂದೊಂದು ಕುಪ್ಪಸ ಬಾಕಿ ಐತಿ ನೋಡವ್ವಾ!"

"ನಾಳಿಗೇ ಹೊಸಾ ಅಳತಿಗೆ ಆ ಬಾಕಿ ಕುಪ್ಪಸ ತರ್ತೀನಿ ಯವ್ವಾ," ಎಂದಳು ರೇಣವ್ವ.

ಕಾಶವ್ವ ಥಟ್ಟನೆ ಅವಳ ಕೈ ಹಿಡಿದಳು. ಆ ಹಿಡಿತದಲ್ಲಿ ಬಲವೇ ಇರಲಿಲ್ಲ.

"ಬ್ಯಾಡ... ಹೊಲೀಬ್ಯಾಡ. ಆ ಬಾಕಿ ಐತಂತ ನೀ ನಿಂತು ಎರಡು ಮಾತು ಆಡ್ತಿ. ಅದೂ ತೀರಿದ್ರ ನನ್ನ ಯಾರು ಮಾತಾಡಸ್ತಾರ?"

ರೇಣವ್ವ ಎದ್ದು ಒಲೆ ಹಚ್ಚಿದಳು.

ತಾಟು ಒಂದೇ ಇತ್ತು... ಇಬ್ಬರೂ ಅದರಲ್ಲೇ ಉಂಡರು.

ಮರುದಿನ ರೇಣವ್ವ ತನ್ನ ತಾಟು ತಂದವಳು ವಾಪಸ್ ಒಯ್ಯಲಿಲ್ಲ.

ನರ್ಸ್ ಮಾಡಿಸಿದ ಕಾಶವ್ವನ ರಕ್ತಪರೀಕ್ಷೆಯಲ್ಲಿ ಬೇರೆ ಕಾಯಿಲೆ ಏನೂ ಸಿಗಲಿಲ್ಲ. ಕಾಳು, ಶೇಂಗಾ, ಮಜ್ಜಿಗೆ ತಪ್ಪಿಸಬೇಡಿ ಎಂದರು ನರ್ಸ್.

ಯುಗಾದಿ ಹೊತ್ತಿಗೆ ಮತ್ತೆ ದಾರ ಸುತ್ತಿದರು. ಮೂರು ಬೆರಳಿದ್ದದ್ದು ಎರಡೂವರೆ.

"ಗಂಟು ಮುಟ್ಟಿದ ದಿನ ನಿನ್ನ ಕುಪ್ಪಸ ಹೊಲೀತೀನಿ ಯವ್ವಾ."

"ಹಂಗಾರ ಬಾಳ ದಿನಾ ಹಿಡೀತೈತಲ್ಲ?"

"ಹಿಡೀಲಿ ಬಿಡು."

ಆ ಕುಪ್ಪಸ ಇನ್ನೂ ಬಾಕಿ ಇದೆ...

*

ಮೈ ಕರಗಿದ್ದನ್ನು ಟೇಪು ಹೇಳೀತು... ಯಾಕೆ ಕರಗಿತು ಎಂಬುದು ಪಕ್ಕದಲ್ಲಿ ಕೂತು ಉಂಡವರಿಗಷ್ಟೇ ತಿಳಿಯುತ್ತದೆ.

ನಿಮ್ಮ ಓಣಿಯ ಅಜ್ಜಿಯ ಬಳೆ ಈಗ ಮೊಣಕೈವರೆಗೆ ಜಾರುತ್ತಿದೆಯೇ... ನೀವು ಅದನ್ನು ಕೊನೆಯ ಸಲ ನೋಡಿದ್ದು ಯಾವಾಗ?