ಅಮ್ಮನಿಗೆ ಯಾರ ಕೋಡ್?

ಅಮ್ಮನ ಕಿವಿಯ ಹಿಂದೆ ನೆನಪು ಕೂಡಿಡುವ ಹೊಸ ಫ್ಲ್ಯಾಶ್ ಚಿಪ್ ಕೂರಿಸಿದರು. ಎಲ್ಲರ ನೆನಪುಗಳನ್ನೂ ನಡೆಸುವ ಮುಕ್ತ ತಂತ್ರಾಂಶಕ್ಕೆ ಅದರ ಪರಿಚಯವಿರಲಿಲ್ಲ. ಜಗತ್ತು ನನಗಾಗಿಯೇ ಕಾದಿದೆಯೆಂಬಂತೆ ತಿಂಗಳಿಡೀ ಕೂತು, ಆ ಚಿಪ್ ಓದಲು ಬೇಕಾದ ಕೋಡ್ ಬರೆದು ತಂತ್ರಾಂಶದ ಯೋಜನೆಗೆ ಕಳಿಸಿದೆ. ಧಾರವಾಡದ ಫರ್ಹಾನಾ ಎಂಬವರೂ ಅದನ್ನೇ ಬರೆದು ಕಳಿಸಿದ್ದರು. "ಎರಡನ್ನೂ ಪರೀಕ್ಷಿಸಿ, ಯಾವುದು ಸರಿಯೆಂದು ನೀವೇ ಹೇಳಿ" ಎಂದರು ಯೋಜನೆಯ ಉಸ್ತುವಾರಿ.

ಅಮ್ಮನ ಚಿಪ್‌ಗೆ ನನ್ನದನ್ನು ಹಾಕಿದಾಗ ಅವಳು ಅರಳಿದಳು. "ಭಾಷಣ ಸ್ಪರ್ಧೇಲಿ ನಿಂಗೇ ಅಲ್ವೇನೋ ಫಸ್ಟ್ ಪ್ರೈಜ್ ಬಂದಿದ್ದು!"

ಫರ್ಹಾನಾ ಅವರದನ್ನು ಹಾಕಿದೆ. "ಅಯ್ಯೋ, ಆ ಸ್ಪರ್ಧೇಲಿ ನೀನು ಸ್ಟೇಜ್ ಮೇಲೆ ಗೊಳೋ ಅಂತ ಅತ್ತು ಇಳಿದುಬಂದಿದ್ದೆ."

ನಡೆದದ್ದು ಅದೇ. ಅವರದೇ ಸರಿ ಎಂದು ಉಸ್ತುವಾರಿಗೆ ಬರೆದು, ನನ್ನದನ್ನು ಅಳಿಸಲು ಹೊರಟೆ.

ಅಮ್ಮ ಕೈ ಹಿಡಿದಳು. "ಲೋಕಕ್ಕೆಲ್ಲ ಆ ಹುಡುಗೀದೇ ಹಾಕ್ಲಿ. ನಂಗೆ ನಿಂದೇ ಇರ್ಲಿ ಬಿಡೋ."