ಓರೆ ಗೆರೆಗಳು

ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿತ್ತು. ಕಲಬುರ್ಗಿಯ ಬ್ರಹ್ಮಪುರದ ಓಣಿಯಲ್ಲಿ ಬೇವಿನ ಮರದ ಕೆಳಗೆ ಕಾರು ಪಾಲಿಶ್ ಮಾಡುವ ವಹಾಬ್ ಬೆಳಿಗ್ಗೆ ಎಂಟಕ್ಕೇ ಬಂದು ಕೂತು, ಡಾಕ್ಟರ್ ಇಂದೂಬಾಯಿಯವರ ಹಳೆಯ ಬಿಳಿ ಫಿಯೆಟ್ ಕಾರನ್ನು ತಿಕ್ಕುತ್ತಿದ್ದ. ಬಾನೆಟ್ಟಿನ ಮೇಲಿನ ಹಕ್ಕಿಯ ಹಿಕ್ಕೆ, ಚಕ್ರದ ಮೇಲಿನ ಡಾಂಬರು ಚುಕ್ಕೆ ಆಗಲೇ ಹೋಗಿದ್ದವು. ಉಳಿದದ್ದು ಡ್ರೈವರ್ ಕೂರುವ ಬದಿಯ ಬಾಗಿಲ ಮೇಲೆ, ಹಿಂದಕ್ಕೆ ಓರೆಯಾಗಿ ಹರಿದು ಒಣಗಿದ ಮೂರು ಕಂದು ಗೆರೆ. ನಾಳೆ ಕಾರು ಕೊಳ್ಳುವವನು ಬರುತ್ತಾನೆ, ಅಷ್ಟರೊಳಗೆ ಒಂದು ಕಲೆಯೂ ಕಾಣಬಾರದು ಎಂದು ಇಂದೂಬಾಯಿಯವರ ಮಗ ಮುಕುಂದ ಹೇಳಿ ಆಫೀಸಿಗೆ ಹೋಗಿದ್ದ.

"ಇದು ಎಂಥಾ ಕಲಿ ರೀ ಬಾಯಿ? ಸಾಬೂನಿಗೂ ಬಗ್ಗವಲ್ದು, ಪೆಟ್ರೋಲಿಗೂ ಬಗ್ಗವಲ್ದು," ಎಂದ ವಹಾಬ್.

ಕಟ್ಟೆಯ ಮೇಲೆ ಕೂತಿದ್ದ ಇಂದೂಬಾಯಿ ಉತ್ತರಿಸುವ ಮೊದಲೇ, ಗೇಟಿನ ಬಳಿ ಬುಟ್ಟಿ ಇಳಿಸುತ್ತಿದ್ದ ಬಂಡೆಮ್ಮ ಬಾಯಿ ಹಾಕಿದಳು. "ಬಾಳಿ ಸೊನಿ ಅದು. ನಮ್ಮ ಕಮಲಾಪುರದ ಕೆಂಪು ಬಾಳಿ. ನಮ್ಮ ಗೊನಿದ ಕಲಿ." ಸೂಪರ್ ಮಾರ್ಕೆಟ್ಟಿಗೆ ಹಣ್ಣು ತರುವ ಗುರುವಾರಗಳಲ್ಲಿ ಅವಳು ಇಲ್ಲಿಗೊಮ್ಮೆ ಬಂದು ಆ ಬಾಗಿಲು ತಿಕ್ಕಿಯೇ ಊರ ಬಸ್ಸು ಹತ್ತುತ್ತಿದ್ದಳು. "ನಿಂಬಿ ಹಣ್ಣು ಆತು, ಚಿಮಣಿ ಎಣ್ಣಿ ಆತು, ಒಲಿ ಬೂದಿ ಆತು. ಇಪ್ಪತ್ತು ವರ್ಷ ತಿಕ್ಕೀನಿ ನೋಡಪ್ಪ."

"ಅದು ತಿಕ್ಕೋದಲ್ಲ ಬಿಡಬೇ, ಕಾರಿನ ಮಾರಿಗೆ ಸ್ನೋ ಹಚ್ಚೋದು," ಎಂದು ವಹಾಬ್ ನಕ್ಕ. "ಮತ್ತ ಸೊನಿ ಆದ್ರ ನೆಟ್ಟಗ ಕೆಳಗ ಇಳೀಬೇಕು. ಹಿಂಗ ಓರೆ ಯಾಕ ಹರದದ?"

"ಬಾಯಾರು ಗಾಡಿ ಹೊಡದ ಹೊಡತಕ್ಕ!"

ಅದು ಎಪ್ಪತ್ತೆಂಟರ ಸುಗ್ಗಿ. ಬಂಡೆಮ್ಮನಿಗೆ ಎರಡು ದಿನದಿಂದ ಹೆರಿಗೆ ನೋವು. ಮಗು ಅಡ್ಡ ತಿರುಗಿತ್ತು. ಕಮಲಾಪುರದ ಆಸ್ಪತ್ರೆಯಲ್ಲಿದ್ದ ಇಂದೂಬಾಯಿ ಅವಳನ್ನು ತಮ್ಮ ಕಾರಿನಲ್ಲೇ ಮಲಗಿಸಿಕೊಂಡು ಕಲಬುರ್ಗಿಯ ದೊಡ್ಡಾಸ್ಪತ್ರೆಗೆ ಹೊರಟರು. ಡಾಕ್ಟರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಬಂಡೆಮ್ಮನ ಗಂಡ ಆಗಷ್ಟೇ ಕೊಯ್ದ ಗೊನೆಯೊಂದನ್ನು, ಸೊನೆ ಸೋರುವಷ್ಟು ಹೊತ್ತೂ ಇಡದೆ, ಕಾರಿನ ನೆತ್ತಿಗೆ ಕಟ್ಟಿಬಿಟ್ಟ. ಅವಸರದಲ್ಲಿ ಇಂದೂಬಾಯಿ ಅದನ್ನು ನೋಡಲಿಲ್ಲ. ಬಂಡೆಮ್ಮ ಉಳಿದಳು. ಮಗು ಉಳಿಯಲಿಲ್ಲ.

"ಚಪ್ಪಲಿ ಕಳದು ಒಗದು, ಸೆರಗು ಸೊಂಟಕ್ಕ ಸಿಗಿಸಿ ಕುಂತಿದ್ರು," ಬಂಡೆಮ್ಮ ಹೇಳುತ್ತಲೇ ಇದ್ದಳು. "ಕುರಿಕೋಟಾ ಹೊಳಿ ಪುಲಿನ ಮ್ಯಾಲ ಜ್ವಾಳದ ಕಣಿಕಿ ಬಂಡಿ ಸಾಲಹಿಡದು ನಿಂತಿದ್ವು. ತಲಿ ಹೊರಗ ಹಾಕಿ ಎಂಥಾ ಬೈಗಳ ಬೈದ್ರು ಅಂತೀ! ಎತ್ತುಗೋಳು ಸೈತ ಸರದು ನಿಂತ್ವು."

ವಹಾಬ್ ಕಟ್ಟೆಯ ಮೇಲಿನ ನರೆತ ತಲೆಯ, ದಪ್ಪ ಕನ್ನಡಕದ ಹೆಂಗಸನ್ನು ನೋಡಿದ. ನಂಬಿಕೆ ಬರಲಿಲ್ಲ. ಬಣ್ಣದ ಮೇಲ್ಪದರವನ್ನೇ ತುಸು ಕೆರೆಯುವ ಪೇಸ್ಟಿನ ಡಬ್ಬಿ ತೆರೆದು ಬಟ್ಟೆ ಅದ್ದಿ, ಮೊದಲ ಗೆರೆಯ ಮೇಲೆ ಕೈ ಆಡಿಸತೊಡಗಿದ. ಬಟ್ಟೆ ಕಂದಾಯಿತು, ಗೆರೆ ತೆಳ್ಳಗಾಯಿತು, ಹೋಯಿತು. ಎರಡನೆಯದೂ ಹೋಯಿತು.

"ನಿಲ್ಲಪ್ಪ," ಎಂದರು ಇಂದೂಬಾಯಿ. "ಅದೊಂದು ಇರಲಿ."

"ಮುಕುಂದರಾವ್ ನನ್ನ ಬೈತಾರ್ರಿ ಬಾಯಿ. ತಗೊಳ್ಳಾಂವ ಕಲಿ ಇದ್ರ ಗಾಡಿನೇ ಬ್ಯಾಡ ಅಂದಾನಂತ."

ಕಾರು ಮಾರಲು ಒಪ್ಪಿದವರು ಇಂದೂಬಾಯಿಯವರೇ. ಕಣ್ಣು ಮಂಜಾಗಿ ಸ್ಟಿಯರಿಂಗ್ ಮುಟ್ಟದೆ ಮೂರು ವರ್ಷವಾಗಿತ್ತು. ವಹಾಬ್ ಸ್ವಲ್ಪ ಕಾದು, ಮತ್ತೆ ಬಟ್ಟೆ ಅದ್ದಿದ. ಈ ಸಲ ಮೆಲ್ಲಗೆ ತಿಕ್ಕಿದ. "ಇನ್ನೊಂದು ಕೈ ಜೋರ ಎಳದ್ರ ಬಣ್ಣದ ಕೆಳಗಿನ ಕೆಂಪು ಅಸ್ತರ್ ಕಾಣ್ತದ," ಎಂದು ತನಗೆ ತಾನೇ ಹೇಳಿಕೊಂಡು ಕೈ ತೆಗೆದ. ಬಾಗಿಲು ಬರಿದಾಗಿತ್ತು.

ಬಂಡೆಮ್ಮ ಹತ್ತಿರ ಹೋಗಿ ಅಂಗೈಯಿಂದ ಸವರಿ ನೋಡಿದಳು. ಮುಖ ಅರಳಿತು. "ತೀರ್ತು ನೋಡ್ರಿ ಬಾಯಾರ, ನನ್ನ ಋಣ!"

"ನಿಂದು ತೀರ್ತು. ನಂದು?"

ಬಂಡೆಮ್ಮ ತಿರುಗಿ ನೋಡಿದಳು.

"ಆ ಪುಲಿನ ಮ್ಯಾಲೆ ಐದು ನಿಮಿಷ ನಿಂತಿದ್ನೋ, ಹತ್ತು ನಿಮಿಷ ನಿಂತಿದ್ನೋ, ನನಗ ಇವತ್ತಿಗೂ ಗೊತ್ತಿಲ್ಲ," ಎಂದರು ಇಂದೂಬಾಯಿ. ಕಣ್ಣು ಬಾಗಿಲ ಮೇಲೇ ಇತ್ತು. "ದಿನಾ ಆ ಬಾಗಲಾ ತೆಗೀಲಿಕ್ಕೆ ಕೈ ಹಾಕಿದಾಗೆಲ್ಲಾ ಆ ಓರೆ ನೋಡ್ತಿದ್ದೆ. ಇದಕ್ಕಿಂತ ಜೋರ ಹೊಡೀಲಿಕ್ಕೆ ಆಗತಿರಲಿಲ್ಲ ಅಂತ ಸಮಾಧಾನ ಮಾಡ್ಕೋತಿದ್ದೆ. ಇನ್ನ ಏನ್ ನೋಡ್ಲಿ ಹೇಳು."

ಬಂಡೆಮ್ಮ ಬುಟ್ಟಿಯ ಬಳಿ ಕುಕ್ಕರಗಾಲಲ್ಲಿ ಕೂತು, ಮಾರದೆ ಉಳಿದ ಹಣ್ಣನ್ನು ಎತ್ತಿ ಕಟ್ಟೆಯ ಮೇಲಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು.

"ಎಷ್ಟು ಜೋರ ಹೊಡದ್ರಿ ಅಂತ ಗೆರಿಗೇನ್ ಗೊತ್ರಿ ಬಾಯಾರ? ಅದು ಬಾಗಲದ ಹೊರಗಿತ್ತು," ಎಂದಳು. "ನಾ ಒಳಗಿದ್ದೆ."