ಗಾಜಿನಾಚೆಯ ಹೆಂಗಸರು

"ಏ ರುದ್ರಾಣಿ, ಈ ಮುದುಕಿ ಆಕಿ ಹೊಟ್ಟಿ ಮ್ಯಾಲ ಯಾಕ ಕೈ ಇಟ್ಟಾಳ?" ಎಂದು ಶಾಂತವ್ವ ಇಡೀ ಮ್ಯೂಸಿಯಂಗೆ ಕೇಳಿಸುವಂತೆ ಸೊಸೆಯನ್ನು ಕೇಳಿದಳು. ಮಗ-ಸೊಸೆ ನೆಲೆಸಿದ್ದ ಆ ಪರದೇಶದ ಊರಿನ ಹಳೆಯ ದೊಡ್ಡ ಚರ್ಚಿಗೆ ಅಂಟಿಕೊಂಡ ಆ ಕೋಣೆಯಲ್ಲಿ, ಗಾಜಿನ ಹಿಂದೆ, ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಕೆತ್ತನೆಯಿತ್ತು. ಅದರಲ್ಲಿ ಇಬ್ಬರು ಹೆಂಗಸರು ತಬ್ಬಿಕೊಂಡು ನಿಂತಿದ್ದರು; ದೊಡ್ಡವಳ ಒಂದು ಕೈ ಸಣ್ಣವಳ ಹೊಟ್ಟೆಯ ಮೇಲಿತ್ತು.

ರುದ್ರಾಣಿ ಪಕ್ಕದ ಫಲಕ ಓದಿದಳು. "ಇಬ್ರೂ ಸಂಬಂಧಿಕರ್ರಿ ಅತ್ತಿ. ಸಣ್ಣಾಕಿ ಏಸುವಿನ ತಾಯಿ ಮೇರಿ. ಆಕಿ ಬಸುರಿ ಅಂತ ಯಾರೂ ಹೇಳದನ ದೊಡ್ಡಾಕಿಗೆ ತಿಳೀತಂತ." ಅಷ್ಟು ಹೇಳಿ ಕೋಟಿನ ಗುಂಡಿ ಹಾಕಿಕೊಂಡಳು. ಹೋದ ವರ್ಷ ಎರಡನೇ ತಿಂಗಳಿಗೇ ಊರಿಗೆಲ್ಲ ಸುದ್ದಿ ಹೇಳಿ, ವಾರದೊಳಗೆ ಕೂಸು ಕಳೆದುಕೊಂಡಿದ್ದಳು. ಈ ಸಲ ಗಂಡನ ಬಾಯಿಗೂ ಬೀಗ ಹಾಕಿಸಿದ್ದಳು.

"ಕಲ್ಲಿನ ಮುದುಕಿಗೆ ತಿಳಿತೈತಿ, ನನಗ ತಿಳಿಯೂದಿಲ್ಲೇನು?" ಶಾಂತವ್ವ ಸಿಡುಕಿದಳು. "ಒಗ್ಗರಣಿ ವಾಸನಿ ಬಂದ್ರ ಬಾತ್‌ರೂಮಿಗೆ ಓಡತಿ. ಚಹಾ ಕೊಟ್ರ ನನ್ನ ಕಣ್ಣು ತಪ್ಪಿಸಿ ಸಿಂಕಿಗೆ ಸುರೀತಿ. ನಾ ವಿಮಾನ ಇಳಿದು ಬಂದ ವಾರದಾಗ ತಿಳಕೊಂಡೀನಿ."

"ಮತ್ತ ನೀವು ಕೇಳಲೇ ಇಲ್ಲಲ್ರಿ?"

"ಕೇಳಿದ್ರ ನೀ ಅಂಜತಿ ಅಂತ ಸುಮ್ನ ಕುಂತೆ. ನನ್ನಂಥಾಕಿ ಬಾಯಿ ಮುಚ್ಚಿಕೊಂಡು ಕುಂದ್ರೂದು ಸಣ್ಣ ಕೆಲಸೇನವಾ?"

ಬೈಯುತ್ತಲೇ ಅವಳ ಕೈ ಮುಂದೆ ಬಂತು, ಬಂದು ಅರ್ಧದಲ್ಲೇ ನಿಂತಿತು. ಮುಟ್ಟಬಹುದೋ ಬಾರದೋ ತಿಳಿಯದೆ ಅವಳು ಅದನ್ನು ಸೆರಗಿಗೆ ಒರೆಸಿಕೊಂಡಳು. ರುದ್ರಾಣಿ ಕೋಟಿನ ಗುಂಡಿ ಬಿಚ್ಚಿ, ಆ ಒರಟು ಕೈಯನ್ನು ಹಿಡಿದು ಒಳಗೆಳೆದುಕೊಂಡಳು.